ಹುಣಸೆಹಣ್ಣು ನೆನೆಹಾಕಿಟ್ಟಿರು

ಭಾನುವಾರ ಬೆಳಗ್ಗೆ ಐದೂವರೆಗೆ ನಮ್ಮನೆ ಗೇಟು ಕಿರ್ರ್ ಅನ್ನುತ್ತದೆ. ಹಿಂದೆಯೇ ಕಿಟಕಿ ಹತ್ತಿರ ಒಂದು ಪಿಸುಮಾತು. ‘ಇವಳೇ, ಹುಣಸೆಹಣ್ಣು ನೆನೆಹಾಕಿಟ್ಟಿರು. ಮೀನು ತರ್ತೀನಿ.’

ನಮ್ಮನೆಯವರಿಗೆ ಗಾಳದ ಹುಚ್ಚು ಹತ್ತಿ ಮೂರು ವರ್ಷ. ಅಂದಿನಿಂದ ಪ್ರತಿ ಭಾನುವಾರ ನಿಂಬೆಹಣ್ಣಿನ ಗಾತ್ರದ ಹುಣಸೆಹಣ್ಣು ನೆನೆಹಾಕುತ್ತಾ ಬಂದಿದ್ದೇನೆ. ಹೋದ ತಿಂಗಳವರೆಗೂ ಆ ಹುಳಿಗೆ ಗಾಳದ ಮೀನಿನ ಮುಖ ನೋಡುವ ಯೋಗ ಬಂದಿರಲಿಲ್ಲ. ಎಲ್ಲ ತಿಳಿಸಾರಾಯಿತು, ಬಸ್ಸಾರಾಯಿತು, ಪುಳಿಯೋಗರೆ ಗೊಜ್ಜಾಯಿತು. ನನ್ನ ಗೊಜ್ಜಿನ ರುಚಿಯನ್ನು ನೆಂಟರೆಲ್ಲ ಹೊಗಳುತ್ತಾರೆ. ವಾರವಾರ ಅಭ್ಯಾಸ ಮಾಡಿದರೆ ಯಾರಿಗೆ ಬರಲ್ಲ ಹೇಳಿ.

ಮೀನು ಸಿಗದಿರುವುದಕ್ಕೆ ಅವರ ಹತ್ತಿರ ಯಾವಾಗಲೂ ಕಾರಣ ಇರುತ್ತದೆ. ಕೆರೆಗೆ ಹೋಗೋಣ ಅಂದರೆ ಹರಾಜಿನಲ್ಲಿ ಹಿಡಿದವರು ಗಾಳ ಹಾಕಲು ಬಿಡಲ್ಲ. ಹೊಳೆಗೆ ಹೋದರೆ ನೀರು ಜಾಸ್ತಿ, ಇಲ್ಲ ಕಡಿಮೆ. ಕೆಆರ್‌ಎಸ್ ಅಣೆಕಟ್ಟೆ 124.80 ಅಡಿ ಮುಟ್ಟಿತು ಅಂತ ಪೇಪರಿನಲ್ಲಿ ಬಂದ ದಿನ ಮಂಡ್ಯದಲ್ಲಿ ನಮ್ಮಪ್ಪ ಗದ್ದೆ ನೆನೆಸಿಕೊಂಡು ಖುಷಿಪಡುತ್ತಾರೆ. ಇಲ್ಲಿ ಮೈಸೂರಿನಲ್ಲಿ ಅಳಿಯನ ಮುಖ ಸಪ್ಪಗಾಗುತ್ತದೆ. ಗೇಟು ಎತ್ತಿ ನೀರು ಬಿಟ್ಟರೆ ಶ್ರೀರಂಗಪಟ್ಟಣದ ಹೊಳೆ ದಂಡೆಗೆ ಇಳಿಯುವ ಹಾಗಿಲ್ಲವಲ್ಲ! ಒಮ್ಮೆ ರಂಗನತಿಟ್ಟಿಗೆ ಕರೆದುಕೊಂಡು ಹೋಗಿದ್ದೆ. 1940ರಿಂದ ಪಕ್ಷಿಧಾಮ. ಅಲ್ಲಿ ಗಾಳಕ್ಕೆ ಜಾಗವಿಲ್ಲ, ಸುಮ್ನೆ ಹಕ್ಕಿ ನೋಡಿಕೊಂಡು ಬರೋಣ ಅಂತ. ಒಂದು ಹೆಜ್ಜಾರ್ಲೆ ನೀರಿಗೆ ಕೊಕ್ಕು ಅದ್ದಿತು. ಎತ್ತಿದಾಗ ಚೀಲದಲ್ಲಿ ಮೀನು ಒದ್ದಾಡುತ್ತಿತ್ತು. ಪಕ್ಕದಲ್ಲಿ ಒಂದು ನಿಟ್ಟುಸಿರು ಕೇಳಿಸಿತು. ಆ ನಿಟ್ಟುಸಿರು ನನ್ನದಲ್ಲ.

ಒಂದು ಭಾನುವಾರ ಮಾತ್ರ ಕಪ್ಪು ಕವರಿನಲ್ಲಿ ಎರಡು ಕೆಜಿ ಕಟ್ಲಾ ಬಂತು. ಹುರುಪೆ ತೆಗೆದು, ಪೀಸು ಮಾಡಿ, ಮೇಲೆ ಐಸೂ ಇತ್ತು. ‘ಹೊಳೆಯಲ್ಲಿ ಈಗ ಕಟ್ ಮಾಡಿಯೇ ಕೊಡ್ತಾರಾ?’ ಅಂದೆ. ಅವರು ಕೇಳಿಸದವರ ಹಾಗೆ ಬಚ್ಚಲಿಗೆ ಹೋದರು. ಹೋಗಲಿ, ಮೀನು ಮೀನೇ ಅಲ್ವಾ? ಈರುಳ್ಳಿ ಸುಟ್ಟು, ಮೆಂತ್ಯ ಹುರಿದು, ಖಾರ ನುಣ್ಣಗೆ ರುಬ್ಬಿ ಸಾರಿಗಿಟ್ಟೆ. ಮೀನು ಹಾಕಿದ ಮೇಲೆ ಸೌಟು ಆಡಿಸಬಾರದು. ಪಾತ್ರೆಯನ್ನು ಬಟ್ಟೆಯಲ್ಲಿ ಹಿಡಿದು ಒಂದು ಸುತ್ತು ತಿರುಗಿಸಿದರೆ ಸಾಕು. ನಾನು ಬಾಗಿಲಿಗೆ ಹೋಗಿ ಬರುವಷ್ಟರಲ್ಲಿ ಇವರು ‘ತಳ ಹಿಡೀತಿತ್ತು’ ಅಂತ ಸೌಟು ಹಾಕಿ ಚೆನ್ನಾಗಿ ಕಲಸಿದ್ದರು. ಆ ಮಧ್ಯಾಹ್ನ ಮುದ್ದೆ ಜೊತೆ ಉಂಡಿದ್ದು ಮೀನಿನ ಪಾಯಸ. ಮುಳ್ಳಿನ ಸಮೇತ.

ಇದಕ್ಕಿಂತ ದೊಡ್ಡದು ಹಿಟ್ಟಿನ ಪ್ರಕರಣ. ಒಂದು ಶನಿವಾರ ರಾತ್ರಿ ಫ್ರಿಜ್ ತೆಗೆದರೆ ಸ್ಟೀಲ್ ಡಬ್ಬಿಯಲ್ಲಿ ಕಲಸಿದ ರಾಗಿಹಿಟ್ಟು. ಇಂಗಿನ ಘಮ, ಸೋಂಪಿನ ಕಾಳು ಬೇರೆ. ಪಾಪ, ನನಗೆ ಸುಸ್ತಾಗಿದೆ ಅಂತ ತಾವೇ ರೊಟ್ಟಿಗೆ ಕಲಸಿಟ್ಟಿದ್ದಾರೆ ಅಂದುಕೊಂಡು ಕಣ್ಣು ತುಂಬಿ ಬಂತು. ಬಾಳೆಲೆ ಮೇಲೆ ತಟ್ಟಿದೆ. ಸ್ವಲ್ಪ ಅಂಟುತ್ತಿತ್ತು, ಎಣ್ಣೆ ಮುಂದೆ ಮಾಡಿಕೊಂಡೆ. ಇವರು ಟಿವಿ ನೋಡುತ್ತಾ ಎರಡು ರೊಟ್ಟಿ ತಿಂದರು. ‘ಇವತ್ತು ಭಾರೀ ಹದವಾಗಿದೆ ಕಣೇ, ಏನು ಹಾಕಿದ್ದೀಯ?’ ಅಂದರು. ‘ನೀವು ಕಲಸಿದ್ದೇ ಅಲ್ವಾ’ ಅಂದೆ. ಮೂರನೇ ರೊಟ್ಟಿಯ ತುತ್ತು ಬಾಯಿ ಹತ್ತಿರ ನಿಂತಿತು.

ಅದು ಮೀನಿಗೆ ಅಂತ ಕಲಸಿದ್ದು. ರಾಗಿಹಿಟ್ಟಿನ ಜೊತೆಗೆ ಹಸುಗಳಿಗೆ ಹಾಕುವ ಕಡ್ಲೆಕಾಯಿ ಹಿಂಡಿ ಪುಡಿ ಮಾಡಿ ಸೇರಿಸಿದ್ದರಂತೆ. ಯಾವುದೋ ವಿಡಿಯೋದಲ್ಲಿ ‘ಮೀನು ಬಿಡಲಾರದ ಹಿಟ್ಟು’ ಅಂತ ತೋರಿಸಿದ್ದರಂತೆ. ಮಾತು ಸುಳ್ಳಲ್ಲ. ಮೂರು ವರ್ಷದಲ್ಲಿ ಇವರ ಹಿಟ್ಟು ಕಚ್ಚಿದವರು ಇವರೊಬ್ಬರೇ.

ಊರಿನ ಹೊಳೆ ಕೈಕೊಟ್ಟಿತು, ಕಡಲಾದರೂ ನೋಡೋಣ ಅಂತ ಹೋದ ವರ್ಷ ಜುಲೈನಲ್ಲಿ ರಜೆ ಹಾಕಿ ಮಲ್ಪೆಗೆ ಹೊರಟೆವು. ಮಡಿಕೇರಿ ದಾಟಿ ಸಂಪಾಜೆ ಘಾಟಿಯುದ್ದಕ್ಕೂ ಜಡಿಮಳೆ. ಹಿಂದಿನ ಸೀಟಿನಲ್ಲಿ ಗಾಳ ಮಗುವಿನ ಹಾಗೆ ಮಲಗಿತ್ತು. ಬಂದರಿಗೆ ಹೋದರೆ ಬೋಟುಗಳೆಲ್ಲ ಒಂದಕ್ಕೊಂದು ಒರಗಿಕೊಂಡು ನಿಂತಿವೆ. ಬಲೆ ಹೊಲಿಯುತ್ತಿದ್ದ ಅಜ್ಜ ನಮ್ಮನ್ನು ಮೇಲಿಂದ ಕೆಳಗೆ ನೋಡಿದರು. ‘ಜೂನ್ 1ರಿಂದ ಜುಲೈ 31ರವರೆಗೆ ಬೋಟು ಕಡಲಿಗೆ ಇಳಿಯುವುದಿಲ್ಲ ಮಾರ್ರೆ. ಮೀನು ಮೊಟ್ಟೆ ಇಡುವ ಸಮಯ. 61 ದಿನ ರಜೆ.’ ರಜೆಯಲ್ಲಿ ನಾವೂ ಇದ್ದೆವು, ಮೀನೂ ಇತ್ತು. ಸೇಂಟ್ ಮೇರೀಸ್ ದ್ವೀಪಕ್ಕಾದರೂ ಹೋಗೋಣ ಅಂದರೆ ಮಳೆಗಾಲದಲ್ಲಿ ಆ ದೋಣಿಯೂ ಇಲ್ಲ.

ಹೋಟೆಲಿನಲ್ಲಿ ಅಂಜಲ್ ಇಲ್ಲ, ಕಾಣೆ ಇಲ್ಲ. ‘ಇವತ್ತು ರೋಹು ಉಂಟು, ಫ್ರೆಶ್’ ಅಂದ ಹುಡುಗ. ಎಲ್ಲಿಯ ಮೀನು ಅಂತ ಇವರು ಕೇಳಬಾರದಿತ್ತು. ಕೇಳಿದರು. ‘ಘಟ್ಟದ ಮೇಲಿಂದ ಬರ್ತದೆ ಸಾರ್. ಮೈಸೂರು ಕಡೆದು.’ ಮುನ್ನೂರು ಕಿಲೋಮೀಟರ್ ಕಾರು ಓಡಿಸಿದವರು ಸದ್ದಿಲ್ಲದೆ ಪ್ಲೇಟು ಖಾಲಿ ಮಾಡಿದರು. ಬರುವಾಗ ನಾನು ಒಂದು ಕೆಜಿ ಒಣಮೀನು ಕಟ್ಟಿಸಿಕೊಂಡೆ. ಅದರ ವಾಸನೆ ಕಾರಿನಲ್ಲಿ ಗಣೇಶನ ಹಬ್ಬದವರೆಗೂ ಇತ್ತು.

ಹೋದ ತಿಂಗಳು ಒಂದು ಭಾನುವಾರ ಹುಣಸೆಹಣ್ಣೇ ಮುಗಿದಿತ್ತು. ಮೀನಂತೂ ಬರಲ್ಲ, ತಂದರಾಯಿತು ಅಂತ ಸುಮ್ಮನಿದ್ದೆ. ಎದುರುಮನೆ ಅಜ್ಜಿ ಗೇಟಿನ ಹತ್ತಿರ ಮಾತಾಡುತ್ತಾ ನಿಂತಿದ್ದರು. ಈರುಳ್ಳಿಯನ್ನೂ ಮುಟ್ಟದ ಮಡಿಯವರು. ಅಷ್ಟರಲ್ಲಿ ಫೋನ್ ಬಂತು, ಕೈಯಲ್ಲಿ ಸೊಪ್ಪಿತ್ತು, ಸ್ಪೀಕರಿಗೆ ಹಾಕಿದೆ.

‘ಜಿಲೇಬಿ ಬಿತ್ತು ಕಣೇ! ಒಂದಲ್ಲ, ನಾಲ್ಕು!’

ಜಿಲೇಬಿ ಮೀನು ಆಫ್ರಿಕಾ ಕಡೆಯದು. 1952ರಲ್ಲಿ ನಮ್ಮ ದೇಶಕ್ಕೆ ತಂದರು, ಈಗ ಯಾವ ಕೆರೆ ನೋಡಿದರೂ ಅದೇ. ಹೊಳೆ ದಂಡೆಯ ಹುಡುಗರು ಬಿದಿರು ಕಡ್ಡಿಗೆ ಮೈದಾಹಿಟ್ಟಿನ ಉಂಡೆ ಸಿಕ್ಕಿಸಿ ಬೆಳಗಾದರೆ ಹಿಡಿಯುತ್ತಾರೆ. ಅವತ್ತು ಯಾವನೋ ಹುಡುಗ ಪಾಪ ಅಂತ ತನ್ನ ಕಡ್ಡಿಯನ್ನೇ ಇವರ ಕೈಗೆ ಕೊಟ್ಟಿದ್ದನಂತೆ.

ಇದೆಲ್ಲ ಅಜ್ಜಿಗೆ ಹೇಗೆ ಗೊತ್ತಾಗಬೇಕು? ‘ಅಯ್ಯೋ, ಬಿದ್ದೇ ಹೋಯ್ತಾ? ಪೊಟ್ಟಣ ಸರಿಯಾಗಿ ಹಿಡ್ಕೋಬಾರದಾ ನಿನ್ನ ಗಂಡ?’ ಅಂದರು. ನಾನು ಹ್ಞೂಂ ಅನ್ನಲಿಲ್ಲ, ಉಹ್ಞೂಂ ಅನ್ನಲಿಲ್ಲ. ಫೋನ್ ಇನ್ನೂ ಮಾತಾಡುತ್ತಿತ್ತು. ‘ಹುಣಸೆಹಣ್ಣು ನೆನೆಹಾಕಿದ್ದೀಯ ತಾನೇ?’

ಮೂರು ವರ್ಷದಲ್ಲಿ ಮೊದಲ ಸಲ ಮೀನು ಬರುತ್ತಿದೆ, ಮನೆಯಲ್ಲಿ ಹುಳಿಯಿಲ್ಲ. ಬೀದಿ ಕೊನೆಯ ಅಂಗಡಿ ಇನ್ನೂ ಬಾಗಿಲು ತೆಗೆದಿರಲಿಲ್ಲ. ಬೇರೆ ದಾರಿ ಕಾಣದೆ ಅಜ್ಜಿಯನ್ನೇ ಕೇಳಿದೆ. ‘ಒಂದು ಉಂಡೆ ಹುಣಸೆಹಣ್ಣಿದ್ದರೆ ಕೊಡ್ತೀರಾ ಅಜ್ಜಿ?’

ಅಜ್ಜಿ ಒಳಗೆ ಹೋಗಿ ಬಟ್ಟಲಲ್ಲಿ ತಂದರು. ಕೊಡುವ ಮುಂಚೆ ಕೈ ಅಲ್ಲೇ ತಡೆದು ಕೇಳಿದರು.

‘ಅಲ್ವೇ, ನಿಮ್ಮ ಮಂಡ್ಯ ಕಡೆ ಜಿಲೇಬಿಗೆ ಹುಣಸೆಹಣ್ಣು ಹಾಕ್ತಾರಾ?’