ಹಾಡು ಸ್ಕಿಪ್ ಮಾಡಬೇಡ ಮಾರಾಯ

ಹಳೇ ಕಾರ್ಟೂನ್ ಒಂದು ಹೊಸದಾಗಿ ಬರುತ್ತಿದೆ ಅಂತ ಸುದ್ದಿ ಬಂದರೆ ಮೊದಲು ಕುಣಿಯುವವರು ಮಕ್ಕಳಲ್ಲ, ಅವರ ಅಪ್ಪ ಅಮ್ಮಂದಿರು. 'ಹೊಸ ತಲೆಮಾರಿಗಾಗಿ' ಅಂತ ದೊಡ್ಡದಾಗಿ ಹಾಕಿರುತ್ತಾರೆ. ಹೊಸ ತಲೆಮಾರಿಗೆ ವಿಷಯವೇ ಗೊತ್ತಿರುವುದಿಲ್ಲ. ಇತ್ತ ಅರ್ಧ ತಲೆ ನರೆತವರು ಟ್ರೇಲರನ್ನು ನಿಲ್ಲಿಸಿ ನಿಲ್ಲಿಸಿ ನೋಡಿ, ಬಾತುಕೋಳಿಯ ಕೊಕ್ಕು ಮೊದಲಿನ ಹಾಗಿಲ್ಲ ಅಂತ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಜಗಳಕ್ಕೆ ನಿಂತಿರುತ್ತಾರೆ. ನಾನೂ ಆ ಗುಂಪಿನಲ್ಲಿದ್ದೇನೆ.

ಕೊಕ್ಕಿನ ವಿಷಯ ಬಂದಿದ್ದು 'ಡಕ್‌ಟೇಲ್ಸ್'ನಿಂದ. 1987ರಲ್ಲಿ ಶುರುವಾಗಿ 1990ಕ್ಕೆ ಮುಗಿದ ಸರಣಿ, ಒಟ್ಟು 100 ಕಂತು. ಚಿನ್ನದ ನಾಣ್ಯದ ರಾಶಿಗೆ ಧುಮುಕಿ ಈಜುವ ಜಿಪುಣ ಸ್ಕ್ರೂಜ್, ಅವನ ಹಿಂದೆ ಮೂವರು ಹುಡುಗರು. 2017ರಲ್ಲಿ ಅದನ್ನು ಹೊಸದಾಗಿ ಮಾಡಿದರು, 2021ರ ತನಕ ಬಂತು. ಗೆರೆಗಳೆಲ್ಲ ಚೂಪು ಚೂಪು. ನಮ್ಮ ಗುಂಪಿನವರು ಎಷ್ಟೇ ಬೈದರೂ ಒಂದು ಮಾತು ಹೇಳಲೇಬೇಕು. ಹಳೆಯದರಲ್ಲಿ ಆ ಮೂವರು ಹುಡುಗರಿಗೂ ದನಿ ಕೊಟ್ಟಿದ್ದು ಒಬ್ಬರೇ, ರಸ್ಸಿ ಟೇಲರ್. ಮಾತೂ ಒಂದೇ ಥರ, ಬುದ್ಧಿಯೂ ಒಂದೇ ಥರ. ಟೋಪಿ ಕೆಂಪಾ, ನೀಲಿಯಾ, ಹಸಿರಾ ಅಂತ ನೋಡಿಯೇ ಯಾರು ಯಾರು ಅಂತ ಹೇಳಬೇಕಿತ್ತು. ಹೊಸದರಲ್ಲಿ ಮೂವರಿಗೂ ಬೇರೆ ಬೇರೆ ನಟರು. ಒಬ್ಬ ಪುಸ್ತಕದ ಹುಳು, ಒಬ್ಬ ಹುಚ್ಚು ಸಾಹಸಿ, ಇನ್ನೊಬ್ಬ ಮೈಗಳ್ಳ. ಈ ವಿಷಯದಲ್ಲಿ ಹೊಸದೇ ವಾಸಿ. ಗುಂಪಿನಲ್ಲಿ ಇದನ್ನು ಹೇಳುವ ಧೈರ್ಯ ಮಾತ್ರ ನನಗಿಲ್ಲ.

ಇಷ್ಟೆಲ್ಲ ಬದಲಾಯಿಸಿದವರು ಒಂದನ್ನು ಮಾತ್ರ ಮುಟ್ಟಲಿಲ್ಲ. ಟೈಟಲ್ ಹಾಡು. ಹಾಡುವವರು ಬೇರೆ, ಆದರೆ ಮಟ್ಟು ಅದೇ, ಮಾತು ಅದೇ. 2024ರಲ್ಲಿ 'ಎಕ್ಸ್-ಮೆನ್ '97' ಬಂದಾಗಲೂ 1992ರ 'ಎಕ್ಸ್-ಮೆನ್' ಸೂಪರ್‌ಹೀರೋ ಸರಣಿಯ ಆ ದಡದಡ ಸಂಗೀತವೇ ಬಂತು. ಅದರ ವುಲ್ವರಿನ್ ಪಾತ್ರಕ್ಕೆ ದನಿ ಕೊಟ್ಟಿದ್ದ ಕ್ಯಾಲ್ ಡಾಡ್ ಅವರನ್ನೇ ಮತ್ತೆ ಕರೆಸಿದರು. ಮಾಡುವವರಿಗೆ ನಮ್ಮ ಗುಟ್ಟು ಗೊತ್ತು. ಬಾಲ್ಯದ ಕಾರ್ಟೂನ್ ನಮ್ಮ ಕಣ್ಣಲ್ಲಿ ಉಳಿದಿದ್ದಕ್ಕಿಂತ ಕಿವಿಯಲ್ಲಿ ಉಳಿದಿದ್ದೇ ಜಾಸ್ತಿ. ಕೊಕ್ಕಿನ ಬಗ್ಗೆ ಜಗಳ ಆಡಿದರೂ ಕೊನೆಗೆ ಸುಮ್ಮನಾಗುತ್ತೇವೆ. ಹಾಡು ಬದಲಾಗಿದ್ದರೆ ಸುಮ್ಮನಾಗುತ್ತಿರಲಿಲ್ಲ.

ಈಗ ನನ್ನ ಅಕ್ಕನ ಮಗನ ಹತ್ತಿರ ಬರೋಣ. ಹುಡುಗನಿಗೆ ಎಂಟು ವರ್ಷ. ಸೋಫಾದ ಮೇಲೆ ತಲೆ ಕೆಳಗೆ, ಕಾಲು ಗೋಡೆಗೆ. ರಿಮೋಟ್ ಹೊಟ್ಟೆಯ ಮೇಲೆ. ಹಾಡು ಶುರುವಾಗುತ್ತದೆ. ಎರಡು ಪದ ಬರುವಷ್ಟರಲ್ಲಿ ಪರದೆಯ ಮೂಲೆಯಲ್ಲಿ 'ಸ್ಕಿಪ್ ಇಂಟ್ರೋ' ಅಂತ ಒಂದು ಚೌಕ ಮೂಡುತ್ತದೆ. ಅದು ಮೂಡುವ ಮೊದಲೇ ಅವನ ಹೆಬ್ಬೆರಳು ಗುಂಡಿಯ ಮೇಲೆ ಕಾಯುತ್ತಿರುತ್ತದೆ. ಟಕ್. ಹಾಡು ಹೋಯಿತು, ಕಥೆ ಬಂತು.

"ಹಾಡು ಸ್ಕಿಪ್ ಮಾಡಬೇಡ ಮಾರಾಯ!"

"ಯಾಕೆ ಮಾಮಾ? ಅದರಲ್ಲಿ ಏನೂ ಆಗಲ್ಲ."

ನಿಜ, ಅದರಲ್ಲಿ ಏನೂ ಆಗುವುದಿಲ್ಲ. ನಮಗೆ ಆಗುತ್ತಿತ್ತು. ನಮ್ಮ ಕಾಲದಲ್ಲಿ ಕಾರ್ಟೂನ್ ವಾರಕ್ಕೊಮ್ಮೆ, ಹೇಳಿದ ಹೊತ್ತಿಗೆ ಬರುತ್ತಿತ್ತು. ತಪ್ಪಿದರೆ ತಪ್ಪಿತು. ಹಾಡು ಅಂದರೆ ಶಾಲೆಯ ಗಂಟೆ ಇದ್ದ ಹಾಗೆ. ಬಚ್ಚಲಲ್ಲಿದ್ದವನು, ಹಿತ್ತಲಲ್ಲಿದ್ದವನು, ಹೋಂವರ್ಕ್ ಮಾಡುವಂತೆ ನಟಿಸುತ್ತಿದ್ದವನು, ಎಲ್ಲರೂ ಅದು ಕೇಳಿದ ಕೂಡಲೇ ಓಡಿ ಬರಬೇಕು. ಹಾಡು ಮುಗಿಯುವುದರೊಳಗೆ ಟಿವಿ ಮುಂದೆ ಜಾಗ ಹಿಡಿಯಬೇಕು. ಇವನ ಮುಂದೆ ಎಪ್ಪತ್ತು ಚಿಲ್ಲರೆ ಕಂತುಗಳು ಸಾಲಾಗಿ ನಿಂತಿವೆ, ಇವನೇ ಅವನ್ನು ಕಾಯಿಸುತ್ತಾನೆ. ಕರೆಯುವ ಅಗತ್ಯವೇ ಇಲ್ಲದವನಿಗೆ ಗಂಟೆ ಯಾಕೆ ಅಲ್ವಾ?

ಹಾಗಾದರೆ ಅಸಲಿ ಹಳೆಯದನ್ನೇ ತೋರಿಸೋಣ ಅಂತ 1969ರ 'ಸ್ಕೂಬಿ-ಡೂ' ಹಾಕಿದೆ. ಭೂತ ಅಟ್ಟಿಸಿಕೊಂಡು ಬರುತ್ತಿದೆ, ನಾಯಿಯೂ ಅದರ ಗೆಳೆಯನೂ ಹಜಾರದಲ್ಲಿ ಓಡುತ್ತಿದ್ದಾರೆ. ಹುಡುಗ ಮೊದಲ ಸಲ ತಲೆ ಮೇಲೆ ಮಾಡಿ ಕೂತ. "ಮಾಮಾ, ಆ ಬಾಗಿಲು ಆಗಲೇ ಬಂತಲ್ವಾ?" ಬಂದಿತ್ತು. ಬಾಗಿಲಾದ ಮೇಲೆ ಗೋಡೆ, ಗೋಡೆಯಾದ ಮೇಲೆ ಮತ್ತದೇ ಬಾಗಿಲು. ಚಿಕ್ಕವನಾಗಿದ್ದಾಗ ನನಗೆ ಅದು ಬಹಳ ದೊಡ್ಡ ಬಂಗಲೆ ಅನಿಸುತ್ತಿತ್ತು.

ಒಂದೇ ಚಿತ್ರವನ್ನು ಹೀಗೆ ಮತ್ತೆ ಮತ್ತೆ ಓಡಿಸುವುದು ಚಿತ್ರ ಬರೆಯುವವರ ಸೋಮಾರಿತನ ಅಲ್ಲ, ದುಡ್ಡಿನ ಲೆಕ್ಕ. 'ಸ್ಕೂಬಿ-ಡೂ' ಬಂದಿದ್ದು ಹಾನಾ ಮತ್ತು ಬಾರ್ಬೆರಾ ಅನ್ನುವ ಜೋಡಿಯ ಕಂಪನಿಯಿಂದ. ಅವರು ಮೊದಲು ಚಿತ್ರಮಂದಿರಗಳಿಗೆ 'ಟಾಮ್ ಅಂಡ್ ಜೆರ್ರಿ' ಮಾಡುತ್ತಿದ್ದಾಗ ಕೈತುಂಬ ಸಮಯ ಇತ್ತು. ಆ ಬೆಕ್ಕು ಇಲಿಗೆ 7 ಆಸ್ಕರ್ ಬಂದವು. 1957ರಲ್ಲಿ ಅವರು ಸ್ವಂತ ಕಂಪನಿ ಕಟ್ಟಿ ಟಿವಿಗೆ ಬಂದಾಗ ದುಡ್ಡೂ ಕಮ್ಮಿ, ಸಮಯವೂ ಕಮ್ಮಿ. ಹಾಗಾಗಿ ಅವರ ಇನ್ನೊಂದು ಕಾರ್ಟೂನಿನ ಯೋಗಿ ಅನ್ನುವ ಕರಡಿಯ ಕೊರಳಿಗೆ ಕಾಲರ್ ಬಂತು. ಮೈಮೇಲೆ ಬೇರೆ ಬಟ್ಟೆಯೇ ಇಲ್ಲದ ಕರಡಿಗೆ ಕಾಲರ್ ಯಾಕೆ? ಮೈ ಹಾಗೇ ಇಟ್ಟು ತಲೆಯನ್ನಷ್ಟೇ ಮತ್ತೆ ಮತ್ತೆ ಬರೆಯುವುದಕ್ಕೆ. ಜೋಡಿಸಿದ ಗೆರೆ ಕಾಲರಿನ ಹಿಂದೆ ಮುಚ್ಚಿಹೋಗುತ್ತದೆ. ಇದು ಗೊತ್ತಾದ ಮೇಲೆ ಯೋಗಿಯ ಮುಖ ನೋಡುವುದೇ ಬಿಟ್ಟೆ, ಕಣ್ಣು ನೇರ ಕೊರಳಿಗೆ ಹೋಗುತ್ತದೆ.

ಹೊಸದು ಮಾಡಿ ಹಾಳು ಮಾಡಿದರು ಅನ್ನುವ ದೂರು ಇವತ್ತಿನದಲ್ಲ. 1975ರಲ್ಲಿ ಟಾಮ್ ಮತ್ತು ಜೆರ್ರಿಯನ್ನು ಟಿವಿಗೆ ಮತ್ತೆ ತಂದರು. ಮಕ್ಕಳ ಕಾರ್ಯಕ್ರಮದಲ್ಲಿ ಹೊಡೆದಾಟ ಜಾಸ್ತಿಯಾಯಿತು ಅಂತ ಆಗ ಕೂಗು ಎದ್ದಿತ್ತು. ಹಾಗಾಗಿ ಇಬ್ಬರನ್ನೂ ಗೆಳೆಯರನ್ನಾಗಿ ಮಾಡಿದರು! ಇಲಿಯ ಕೊರಳಿಗೆ ಕೆಂಪು ಬೋ ಟೈ. ಇಬ್ಬರೂ ಸೇರಿ ಊರೂರು ಸುತ್ತುವುದು, ಸ್ಪರ್ಧೆಗೆ ಹೋಗುವುದು. ಇಲಿ ಅಟ್ಟಿಸದ ಬೆಕ್ಕನ್ನು ಕಟ್ಟಿಕೊಂಡು ಕಥೆ ಎಷ್ಟು ದೂರ ಹೋದೀತು? ಬೇಗ ಮುಗಿಯಿತು.

ನನಗೆ ಎಲ್ಲಕ್ಕಿಂತ ಪ್ರಾಮಾಣಿಕ ಅನಿಸಿದ್ದು 'ಸಮುರಾಯ್ ಜ್ಯಾಕ್'. 2004ರಲ್ಲಿ ಕಥೆ ಮುಗಿಯದೆ ನಿಂತುಹೋಗಿತ್ತು. 2017ರಲ್ಲಿ ಅದರ ಸೃಷ್ಟಿಕರ್ತ ಗೆಂಡಿ ಟಾರ್ಟಕೋವ್ಸ್ಕಿ ಅದನ್ನು ಮುಗಿಸಲು ಮತ್ತೆ ಬಂದಾಗ ಹೊಸ ಮಕ್ಕಳ ಹೆಸರು ಹೇಳಲೇ ಇಲ್ಲ. ದೊಡ್ಡವರಿಗೆ ಅಂತ ರಾತ್ರಿ ಹೊತ್ತಿನಲ್ಲಿ ಹಾಕಿದರು. ಕಥೆಯೊಳಗೂ 50 ವರ್ಷ ಕಳೆದಿದೆ, ಜ್ಯಾಕ್ ಗಡ್ಡ ಬಿಟ್ಟಿದ್ದಾನೆ, ದಣಿದಿದ್ದಾನೆ. ಆದರೆ ರಾಕ್ಷಸ ಆಕು ಬಾಯಿ ತೆರೆದ ಕೂಡಲೇ ನನಗೆ ಇರುಸುಮುರುಸು. ಆಕುವಿಗೆ ದನಿಯಾಗಿದ್ದ ನಟ ಮಾಕೊ 2006ರಲ್ಲೇ ತೀರಿಕೊಂಡಿದ್ದರು. ಅವರ ಜಾಗದಲ್ಲಿ ಗ್ರೆಗ್ ಬಾಲ್ಡ್‌ವಿನ್ ಚೆನ್ನಾಗಿಯೇ ಮಾಡಿದ್ದಾರೆ, ಹೆಚ್ಚು ಕಮ್ಮಿ ಅದೇ ದನಿ. ಆ ಹೆಚ್ಚು ಕಮ್ಮಿಯೇ ಕಷ್ಟ. ಬರೆದ ರಾಕ್ಷಸನಿಗೆ ವಯಸ್ಸಾಗುವುದಿಲ್ಲ, ಅವನ ಗಂಟಲಿಗೆ ಆಗುತ್ತದೆ.

ಜಪಾನಿನವರು ಈ ಕಷ್ಟವನ್ನು ಒಂದೇ ಏಟಿಗೆ ಮುಗಿಸಿದರು. 'ಡೋರೇಮಾನ್'ಗೆ 1979ರಿಂದ ದನಿ ಕೊಡುತ್ತಿದ್ದವರು ನೊಬುಯೊ ಒಯಾಮಾ. 2005ರಲ್ಲಿ ಅವರೂ ಸೇರಿ ಮುಖ್ಯ ಪಾತ್ರಗಳ ಹಳಬರೆಲ್ಲ ಒಟ್ಟಿಗೆ ಇಳಿದರು, ಒಯಾಮಾ ಜಾಗಕ್ಕೆ ವಸಾಬಿ ಮಿಜುತಾ ಬಂದರು. ಅಷ್ಟು ವರ್ಷ ಒಂದೇ ದನಿ ಕೇಳಿದವರು ಹೊಸದನ್ನು ಸುಲಭವಾಗಿ ಒಪ್ಪಿರಲಿಕ್ಕಿಲ್ಲ ಬಿಡಿ. ಆದರೆ ಆ 'ಹೊಸ' ದನಿಗೆ ಈಗ 20 ವರ್ಷ ದಾಟಿದೆ. ಅದನ್ನು ಕೇಳಿ ಬೆಳೆದ ಮಕ್ಕಳೂ ಈಗ ಕೆಲಸಕ್ಕೆ ಹೋಗುತ್ತಿದ್ದಾರೆ. ನಾಳೆ ಅವರ ಜಾಗಕ್ಕೆ ಮೂರನೆಯವರು ಬರಲಿ, ಅಸಲಿ ಡೋರೇಮಾನ್ ಅಂದರೆ ಮಿಜುತಾ ಅವರದ್ದೇ ಅಂತ ಇವರು ಗುಂಪು ಕಟ್ಟಿಕೊಂಡು ಜಗಳಕ್ಕೆ ಬರದಿದ್ದರೆ ಕೇಳಿ.