ಹರೇಮ್ ಅಂದ್ರೆ ಸುಖದ ಮನೆ ಅಲ್ಲ ಕಣ್ರೀ

ಸುಲ್ತಾನರ ಜನಾನಾ ಅಂದ ತಕ್ಷಣ ನಮ್ಗೆ ನೆನಪಾಗೋದು ಸಿನಿಮಾ ಸೆಟ್ಟು, ದಿಂಬಿಗೊರಗಿ ದ್ರಾಕ್ಷಿ ತಿನ್ನೋ ರಾಜ, ಸುತ್ತ ನೂರಾರು ಹೆಂಗಸ್ರು. ಇಸ್ತಾಂಬುಲ್‌ನಲ್ಲಿ ಒಟ್ಟೊಮನ್ ಸುಲ್ತಾನರು ಇದ್ದ ಟೋಪ್‌ಕಾಪಿ ಅರಮನೆಯ ಹರೇಮ್‌ಗೆ, ಅಂದ್ರೆ ಜನಾನಾಗೆ, ಬೇರೆ ಟಿಕೆಟ್ ತಗೊಂಡು ಒಳಗೆ ಹೋದೆ ನೋಡಿ, ನಂಗೆ ನೆನಪಾಗಿದ್ದು ಕಾಲೇಜ್ ದಿನದ ಲೇಡೀಸ್ ಹಾಸ್ಟೆಲ್ಲು!

ಒಂದು ಉದ್ದ ಓಣಿ, ಗೋಡೆಗುಂಟ ಅಮೃತಶಿಲೆ ಕಟ್ಟೆ. ಅಡುಗೆಮನೆ ಊಟದ ತಟ್ಟೆಗಳನ್ನ ನಪುಂಸಕ ಕಾವಲುಗಾರರು ಆ ಕಟ್ಟೆ ಮೇಲಿಟ್ಟು ಹೋಗೋರಂತೆ. 300ಕ್ಕೂ ಹೆಚ್ಚು ಕೋಣೆ ಇದ್ರೂ ಗುಲಾಮರಾಗಿ ಬಂದ ಹುಡುಗೀರಿಗೆ ಸಿಕ್ತಿದ್ದು ಸಾಲು ಹಾಸಿಗೆಯ ಡಾರ್ಮಿಟರಿ, ಹೊಲಿಗೆ, ಸಂಗೀತ, ಮನೆಗೆಲಸ ಅಷ್ಟೇ, ಎಷ್ಟೋ ಜನ ಸುಲ್ತಾನನ ಹತ್ರಕ್ಕೂ ಹೋದೋರಲ್ಲ.

ಮನೆ ಯಜಮಾನಿಕೆ ಯಾರದ್ದು ಗೊತ್ತಾ, ಸುಲ್ತಾನನ ತಾಯೀದು. ವಾಲಿದೆ ಸುಲ್ತಾನ್ ಅಂತಾರೆ. ಅವ್ರ ಕೋಣೆಗಳು ಹರೇಮ್‌ನ ನಟ್ಟನಡುವೆ. ಕೋಸೆಮ್ ಅನ್ನೋ ಅಜ್ಜಿ ಮೊಮ್ಮಗ ಪಟ್ಟಕ್ಕೆ ಬಂದ್ರೂ ಅಧಿಕಾರ ಬಿಡ್ಲಿಲ್ಲ, ಆ ಮೊಮ್ಮಗನ ತಾಯಿ, ಅಂದ್ರೆ ಸೊಸೆ ತುರ್ಹಾನ್‌ಗೂ ಅವ್ಳಿಗೂ ಜಟಾಪಟಿ, ಕೊನೆಗೆ 1651ರಲ್ಲಿ ಅತ್ತೆಯನ್ನ ಇದೇ ಗೋಡೆಗಳ ಒಳಗೇ ಕತ್ತು ಬಿಗಿದು ಮುಗಿಸಿದ್ರು. ನಮ್ಮ ಸೀರಿಯಲ್ ಅತ್ತೆ-ಸೊಸೆ ಇವ್ರ ಮುಂದೆ ಏನೂ ಅಲ್ಲ ಬಿಡಿ.

ಹೊಟ್ಟೆ ಹಿಂಡಿದ್ದು ಮಾತ್ರ ಗಂಡುಮಕ್ಕಳ ಕಥೆ. 1595ರಲ್ಲಿ ಪಟ್ಟಕ್ಕೆ ಬಂದ ಮೂರನೇ ಮೆಹ್ಮದ್ ತನ್ನ 19 ಜನ ತಮ್ಮಂದಿರನ್ನ ಕೊಲ್ಲಿಸಿದ. ಮುಂದಿನೋರು ಕೊಲ್ಲೋ ಬದ್ಲು ಒಳಗೇ ಕೂಡಿಹಾಕೋಕೆ ಶುರು ಮಾಡಿದ್ರು. ಆ ಜಾಗಕ್ಕೆ ಕಫೆಸ್ ಅಂತ ಹೆಸ್ರು, ಅಂದ್ರೆ ಪಂಜರ. 1640ರಲ್ಲಿ ಸುಲ್ತಾನನಾಗಿದ್ದ ಅಣ್ಣ ಸತ್ತು, ಆ ಪಂಜರದಲ್ಲಿದ್ದ ತಮ್ಮ ಇಬ್ರಾಹಿಂನನ್ನ 'ಬನ್ನಿ, ಪಟ್ಟ ನಿಮ್ದು' ಅಂತ ಕರೆದ್ರೆ ಅವ್ನು ಬಾಗ್ಲೇ ತೆಗೀಲಿಲ್ಲ, ಕೊಲ್ಲೋಕೇ ಬಂದಿದಾರೆ ಅಂದ್ಕೊಂಡ, ಹೆಣ ತಂದು ತೋರ್ಸೋವರ್ಗೂ ನಂಬ್ಲಿಲ್ಲ. ಎರಡನೇ ಸುಲೇಮಾನ್ ಅಂತೂ 39 ವರ್ಷ ಒಳಗಿದ್ದು 1687ರಲ್ಲಿ ಸುಲ್ತಾನ ಆದ! ಒಬ್ಬ ಮನುಷ್ಯನ ಇಡೀ ಯೌವನ ರೀ.

ಸರಿ, ಸುಲ್ತಾನನಾದ್ರೂ ನೆಮ್ಮದಿಯಾಗಿದ್ನಾ? 1578ರಲ್ಲಿ ಕಟ್ಟಿದ ಮೂರನೇ ಮುರಾದ್‌ನ ಕೋಣೇಲಿ ಗೋಡೆಗೇ ನಲ್ಲಿ ಕಾರಂಜಿ ಇದೆ, ನೀರು ಬಿಟ್ರೆ ಒಳಗಿನ ಮಾತು ಹೊರಗೆ ಕೇಳ್ಬಾರ್ದು ಅಂತ. ನಮ್ಮನೇಲಿ ಗುಟ್ಟು ಹೇಳೋವಾಗ ಅಮ್ಮ ಮಿಕ್ಸಿ ಆನ್ ಮಾಡ್ತಾಳಲ್ಲ, ಹಂಗೆ. ಸ್ನಾನದ ಮನೇಲಿ ಅವ್ನು ಕೂರೋ ಜಾಗಕ್ಕೆ ಚಿನ್ನದ ನೀರು ಕೊಟ್ಟ ಲೋಹದ ಜಾಲರಿ. ಮೈಗೆ ನೀರು ಹಾಕ್ಕೊಳ್ಳೋವಾಗ ಯಾರೂ ಬಂದು ಚುಚ್ಚಬಾರ್ದಲ್ಲ. ನಮ್ಮೆಜಮಾನ್ರು ಅದ್ರ ಮುಂದೆ ನಿಂತು 'ಎಷ್ಟು ಚೆನ್ನಾಗಿದೆ ನೋಡೇ ಡಿಸೈನು' ಅಂತ ಫೋಟೋ ತೆಗೀತಿದ್ರು.