ವಯಸ್ಸಾದವರಿಗೆ 4 ಗಂಟೆ ನಿದ್ದೆ ಸಾಕೇ? ಸತ್ಯಾಂಶ ಇಲ್ಲಿದೆ

"ಅರವತ್ತು ದಾಟಿದ ಮೇಲೆ ಮೆದುಳಿಗೆ 4 ಗಂಟೆ ನಿದ್ದೆ ಸಾಕು, ಹೆಚ್ಚು ಮಲಗಿದರೆ ಮರೆವು ಬರುತ್ತದೆ" ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತಿದೆ. ಇದು ತಪ್ಪು. 65 ದಾಟಿದವರಿಗೂ 7ರಿಂದ 8 ಗಂಟೆ ಬೇಕು. ವಯಸ್ಸಿನೊಂದಿಗೆ ಕುಗ್ಗುವುದು ಗಾಢವಾಗಿ ನಿದ್ರಿಸುವ ಶಕ್ತಿ. ಅಗತ್ಯ ಹೆಚ್ಚುಕಡಿಮೆ ಹಾಗೆಯೇ ಉಳಿಯುತ್ತದೆ.

ಗಾಢ ನಿದ್ದೆಯಲ್ಲಿ ಮೆದುಳಿನಲ್ಲಿ ದೊಡ್ಡ, ನಿಧಾನ ಅಲೆಗಳು ಏಳುತ್ತವೆ. ಅವುಗಳ ಬೆನ್ನೇರಿ ಸ್ಪಿಂಡಲ್ ಎಂಬ ಚುರುಕು ಅಲೆಗುಚ್ಛಗಳು ಬರುತ್ತವೆ: ಸೆಕೆಂಡಿಗೆ ಸುಮಾರು 11ರಿಂದ 16 ಏರಿಳಿತ, ಅದೂ ಒಂದೆರಡು ಸೆಕೆಂಡು ಅಷ್ಟೇ. ಎರಡರ ತಾಳ ಕೂಡಿದಾಗ ಹಗಲು ಕಲಿತದ್ದು, ಹೊಸ ನೆನಪನ್ನು ಮೊದಲು ಹಿಡಿದಿಡುವ ಹಿಪೊಕ್ಯಾಂಪಸ್ ಎಂಬ ಭಾಗದಿಂದ ಮೆದುಳಿನ ಹೊರಪದರಕ್ಕೆ ದಾಟಿ ನೆಲೆ ನಿಲ್ಲುತ್ತದೆ. ವಯಸ್ಸಾದಂತೆ ಹಣೆಯ ಹಿಂದಿರುವ ಮೆದುಳಿನ ಭಾಗ ಸೊರಗಿ ನಿಧಾನ ಅಲೆಗಳು ತಗ್ಗುತ್ತವೆ, ಸ್ಪಿಂಡಲ್ ಸರಿಯಾದ ಕ್ಷಣ ತಪ್ಪುತ್ತದೆ. ನಿನ್ನೆ ಪರಿಚಯವಾದವರ ಹೆಸರು ಇಂದು ನಾಲಿಗೆಗೆ ಬಾರದಿರಲು ಇದೂ ಒಂದು ಕಾರಣ.

ಸಂದೇಶದ ಒಂದೆಳೆ ಮಾತ್ರ ನಿಜ: ಅತಿ ದೀರ್ಘ ನಿದ್ದೆಗೂ ಮರೆವಿಗೂ ನಂಟು ಕಂಡಿದೆ. ಆದರೆ ಎಷ್ಟೋ ಸಲ ಆ ದೀರ್ಘ ನಿದ್ದೆಯೇ ಒಳಗಿರುವ ಕಾಯಿಲೆಯ ಸೂಚನೆ.

ಗಾಢ ನಿದ್ದೆ ಬೇಕೆಂದು ನಿದ್ದೆ ಮಾತ್ರೆಗೆ ಕೈ ಹಾಕಬೇಡಿ. ಬೆಂಜೊಡಯಾಜಪೀನ್ ಗುಂಪಿನವು ನಿದ್ದೆ ತರಿಸಿದರೂ ನಿಧಾನ ಅಲೆಗಳನ್ನೇ ತಗ್ಗಿಸುತ್ತವೆ. ರಾತ್ರಿ ಎದ್ದಾಗ ಬೀಳುವ ಅಪಾಯ ಬೇರೆ. ಈಗಾಗಲೇ ನುಂಗುತ್ತಿದ್ದರೆ ತಟ್ಟನೆ ನಿಲ್ಲಿಸುವುದೂ ಅಪಾಯ, ವೈದ್ಯರೇ ಹಂತಹಂತವಾಗಿ ಇಳಿಸಬೇಕು.

ದಿನವೂ ಒಂದೇ ಹೊತ್ತಿಗೆ ಏಳಿ, ಬೆಳಗಿನ ಬೆಳಕಿಗೆ ಮೈಯೊಡ್ಡಿ. ಹಗಲು ನಿದ್ದೆ ಮಧ್ಯಾಹ್ನ 3ರೊಳಗೆ, 30 ನಿಮಿಷ ಮೀರದಂತೆ. ರಾತ್ರಿ 20 ನಿಮಿಷವಾದರೂ ನಿದ್ದೆ ಹತ್ತದಿದ್ದರೆ ಹಾಸಿಗೆ ಬಿಟ್ಟೇಳಿ, ಕಣ್ಣೆಳೆದಾಗ ಮರಳಿ. ಗೊರಕೆಯ ನಡುವೆ ಉಸಿರು ನಿಂತು, ಬೆಚ್ಚಿ ಎಳೆದುಕೊಳ್ಳುವವರಿಗೆ ನಿದ್ರಾ ಪರೀಕ್ಷೆ ಮಾಡಿಸಿ; ಉಸಿರು ಕಟ್ಟಿದಾಗೆಲ್ಲ ನಿದ್ದೆ ತುಂಡಾಗುತ್ತದೆ, ಬೆಳಿಗ್ಗೆ ಅವರಿಗೆ ಅದರ ನೆನಪೂ ಇರುವುದಿಲ್ಲ.